ಸೋಲ್, ಫಂಕ್ ಕಂಪೈಲೇಶನ್ ಕೂಡಿಡುವವರಿಗೆ: ಮುಂದಿನ ಕವರ್ ಬಿಡಿ, ಹಿಂದಿನ ಕವರ್ ಓದಿ

ಕಂಪೈಲೇಶನ್, ಅಂದರೆ ಬೇರೆ ಬೇರೆ ಕಡೆ ಬಂದ ಹಾಡುಗಳನ್ನು ಒಟ್ಟು ಮಾಡಿದ ಸಂಕಲನ, ಅಂದ ಕೂಡಲೇ ರೆಕಾರ್ಡ್ ಕೂಡಿಡುವ ಬಹಳ ಜನ ಮೂಗು ಮುರಿಯುತ್ತಾರೆ. "ಒರಿಜಿನಲ್ ಆಲ್ಬಂ ಇದ್ರೆ ಹೇಳಿ, ಈ ಹಿಟ್ಸ್ ಗಿಟ್ಸ್ ಎಲ್ಲಾ ಬೇಡ" ಅನ್ನುವವರೇ ಜಾಸ್ತಿ. ರಾಕ್ ಸಂಗೀತದ ಮಟ್ಟಿಗೆ ಆ ಮಾತು ಅಷ್ಟಿಷ್ಟು ಸರಿ ಇರಬಹುದು. ಅಮೆರಿಕದ ಕಪ್ಪು ಜನರ ಸಂಗೀತವಾದ ಸೋಲ್, ಅದರಿಂದಲೇ ಹುಟ್ಟಿದ, ತಾಳವೇ ಮುಂದಿರುವ ಫಂಕ್ ವಿಷಯದಲ್ಲಿ ಮಾತ್ರ ಅದು ನಡೆಯೋದಿಲ್ಲ.

ಯಾಕೆ ಅಂದರೆ, 1960ರ ದಶಕದ ಅಮೆರಿಕದಲ್ಲಿ ಈ ಸಂಗೀತ ಹುಟ್ಟಿದ್ದೇ ಏಳು ಇಂಚಿನ ಸಣ್ಣ ತಟ್ಟೆಗಾಗಿ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್‌ಗಾಗಿ. ಒಂದು ಬದಿಗೆ ಒಂದು ಹಾಡು, ಎರಡೂವರೆ ಮೂರು ನಿಮಿಷ. ರೇಡಿಯೋದಲ್ಲಿ ಬರಬೇಕು, ಜೂಕ್‌ಬಾಕ್ಸ್‌ನಲ್ಲಿ ಓಡಬೇಕು, ಜನ ಎದ್ದು ಕುಣಿಯಬೇಕು, ಅಷ್ಟೇ. ಸಿಂಗಲ್ ಓಡಿದರೆ ಕಂಪನಿಯವರು ಆಮೇಲೆ ಅದೇ ಹಾಡಿನ ಸುತ್ತ ಸುಮ್ನೆ ಎಂಟು ಹತ್ತು ಹಾಡು ತುಂಬಿಸಿ ದೊಡ್ಡ ತಟ್ಟೆ, ಅಂದರೆ ಎಲ್‌ಪಿ ಮಾಡುತ್ತಿದ್ದರು. ಆಲ್ಬಂ ಅನ್ನೋದು ಒಂದೇ ಉಸಿರಿನ ಕೃತಿ ಅನ್ನುವ ಯೋಚನೆ ಇಲ್ಲಿ ಗಟ್ಟಿಯಾಗಿದ್ದು ಗಾಯಕ ಮಾರ್ವಿನ್ ಗೇ 1971ರಲ್ಲಿ 'ವಾಟ್ಸ್ ಗೋಯಿಂಗ್ ಆನ್' ತಂದ ಕಾಲಕ್ಕೆ. ಇನ್ನು ಸಣ್ಣ ಊರುಗಳ ಸಣ್ಣ ಲೇಬಲ್‌ಗಳ, ಅಂದರೆ ರೆಕಾರ್ಡ್ ಕಂಪನಿಗಳ, ಕಥೆಯೇ ಬೇರೆ. ನಾಲ್ಕಾರು ಸಿಂಗಲ್ ಒತ್ತಿಸಿ, ಊರಿನ ರೇಡಿಯೋದವರ ಕೈಕಾಲು ಹಿಡಿದು, ಕೊನೆಗೆ ಸಾಲ ಮಾಡಿಕೊಂಡು ಬಾಗಿಲು ಹಾಕಿದವರು ಎಷ್ಟೋ ಜನ. ಅವರ ಹಾಡುಗಳಿಗೆ ಎಲ್‌ಪಿ ಭಾಗ್ಯವೇ ಬರಲಿಲ್ಲ. ಇವತ್ತು ಅವು ಕೇಳಲು ಸಿಗೋದು ಕಂಪೈಲೇಶನ್‌ಗಳಲ್ಲೇ.

ಆದರೆ ಮಾರುಕಟ್ಟೆಯಲ್ಲಿರುವ ಕಂಪೈಲೇಶನ್‌ಗಳಲ್ಲಿ ಕಸವೂ ಬೇಕಾದಷ್ಟಿದೆ. ಜೊಳ್ಳು ತೂರಿ ಕಾಳು ಉಳಿಸಿಕೊಳ್ಳೋದು ಹೇಗೆ ಅಂತ ಒಂದೊಂದಾಗಿ ನೋಡೋಣ.

1. ಮೊದಲು ಒಂದು ಊರು ಆರಿಸಿಕೊಳ್ಳಿ

"ಬೆಸ್ಟ್ ಆಫ್ ಸೋಲ್" ಅಂತ ಹೆಸರಿರುವ ಯಾವುದನ್ನೂ ಸದ್ಯಕ್ಕೆ ಮುಟ್ಟಬೇಡಿ. ಸೋಲ್ ಊರಿಂದ ಊರಿಗೆ ಬದಲಾಗುತ್ತದೆ. ಒಂದೊಂದು ಊರಲ್ಲಿ ಒಂದೊಂದು ಸ್ಟುಡಿಯೋ, ಅಲ್ಲಿ ದಿನಾ ಬಂದು ನುಡಿಸುವ ಒಂದೇ ತಂಡ. ಹಾಡುವವರು ಬದಲಾಗುತ್ತಾರೆ, ಹಿಂದಿನ ಕೈಗಳು ಅವೇ.

ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿ. ಬೆರ್ರಿ ಗೋರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತಗೊಂಡು ಶುರು ಮಾಡಿದ್ದು. ಫಂಕ್ ಬ್ರದರ್ಸ್ ತಂಡ ನುಡಿಸುತ್ತಿತ್ತು. ಸದ್ದು ನಯವಾಗಿದೆ, ಗೆಜ್ಜೆ ಕಂಜರದಂಥ ಟ್ಯಾಂಬರೀನ್ ಮುಂದೆ ಬರುತ್ತದೆ, ಮೊದಲ ಸಲ ಕೇಳುವವರಿಗೂ ಹಿಡಿಸುತ್ತದೆ. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ ಇದಕ್ಕೆ ಪೂರಾ ಉಲ್ಟಾ. ಮ್ಯಾಕ್‌ಲೆಮೋರ್ ಅವೆನ್ಯೂನಲ್ಲಿದ್ದ ಹಳೇ ಸಿನಿಮಾ ಟಾಕೀಸನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಹಾರ್ನ್ ವಾದ್ಯಗಳು ಒರಟು, ಅಲಂಕಾರ ಕಡಿಮೆ. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ರಿಕ್ ಹಾಲ್ ನಡೆಸುತ್ತಿದ್ದ ಫೇಮ್ ಸ್ಟುಡಿಯೋ. ಫಿಲಡೆಲ್ಫಿಯಾದಲ್ಲಿ ಗ್ಯಾಂಬಲ್, ಹಫ್ ನಿರ್ಮಾಪಕ ಜೋಡಿ, ವಯೊಲಿನ್‌ಗಳ ಮಳೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹಾಡು ಬರೆದು ಮಾಡಿಸುತ್ತಿದ್ದ ಅಲೆನ್ ಟೂಸಾಂಟ್, ಮೀಟರ್ಸ್ ತಂಡ. ಅಲ್ಲಿನ ಡ್ರಮ್ ಹೊಡೆತದಲ್ಲಿ ಆ ಊರಿನ ಮೆರವಣಿಗೆಯ ನಡಿಗೆ ಇದೆ.

ನಾಲ್ಕೈದು ಊರಿನ ಒಂದೊಂದು ಹಾಡು ಆನ್‌ಲೈನ್‌ನಲ್ಲಿ ಕೇಳಿ. ಯಾವುದು ಕಾಲು ಅಲ್ಲಾಡಿಸುತ್ತದೋ ಆ ಊರಿಂದ ಶುರು ಮಾಡಿ. ನನ್ನನ್ನು ಕೇಳಿದರೆ ಮೆಂಫಿಸ್ ಅನ್ನುತ್ತೇನೆ. ಮೋಟೌನ್ ಪ್ರೇಮಿಗಳು ಜಗಳಕ್ಕೆ ಬರಲಿ, ಪರವಾಗಿಲ್ಲ.

2. ಹಾಡುಗಳ ಹಕ್ಕು ಯಾರ ಕೈಲಿದೆ ನೋಡಿ

ಇದು ಬೋರಿಂಗ್ ಅನ್ನಿಸಬಹುದು. ಆದರೆ ಕಂಪೈಲೇಶನ್‌ನಲ್ಲಿ ಯಾವ ಹಾಡು ಇರುತ್ತದೆ, ಯಾವುದು ಇರೋದಿಲ್ಲ ಅನ್ನೋದನ್ನ ಎಷ್ಟೋ ಸಲ ತೀರ್ಮಾನ ಮಾಡೋದು ವಕೀಲರೇ. ಸ್ಟ್ಯಾಕ್ಸ್ ಕಥೆ ಕೇಳಿದರೆ ಗೊತ್ತಾಗುತ್ತದೆ.

ಸ್ಟ್ಯಾಕ್ಸ್‌ನ ಹಾಡುಗಳನ್ನು ದೇಶದ ತುಂಬ ಮಾರುತ್ತಿದ್ದದ್ದು ನ್ಯೂಯಾರ್ಕ್‌ನ ಅಟ್ಲಾಂಟಿಕ್ ಕಂಪನಿ. ಸ್ಟ್ಯಾಕ್ಸ್ ಕಟ್ಟಿದ ಜಿಮ್ ಸ್ಟೀವರ್ಟ್ ಕರಾರು ಪತ್ರ ಸರಿಯಾಗಿ ಓದದೆ ಸಹಿ ಹಾಕಿದ್ದರು. ಅಟ್ಲಾಂಟಿಕ್ ಬೇರೆಯವರ ಕೈಗೆ ಮಾರಾಟವಾಗಿ, 1968ರಲ್ಲಿ ಸಂಬಂಧ ಕಡಿದಾಗ ನೋಡಿದರೆ, ಅಲ್ಲಿಯವರೆಗೆ ಅಟ್ಲಾಂಟಿಕ್ ಮಾರಿದ ಹಾಡುಗಳ ಮಾಸ್ಟರ್ ಟೇಪ್, ಅಂದರೆ ಮೂಲ ಧ್ವನಿಮುದ್ರಣ, ಎಲ್ಲ ಅಟ್ಲಾಂಟಿಕ್‌ನದೇ! ಸ್ಟ್ಯಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡ್ಡಿಂಗ್ 1967ರ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದ, ಈಗ ಅವನ ಹಾಡುಗಳೂ ಕೈಬಿಟ್ಟವು. ಕಪಾಟು ಖಾಲಿ. ಆ ಹಟದಲ್ಲಿ 1969ರಲ್ಲಿ ಒಟ್ಟಿಗೇ 27 ಎಲ್‌ಪಿ ಹೊರತಂದರು. 1975ರ ಕೊನೆಗೆ ದಿವಾಳಿಯೂ ಆದರು. ಉಳಿದಿದ್ದು ಫ್ಯಾಂಟಸಿ ಕಂಪನಿಯ ಪಾಲಾಯಿತು.

ಇದರಿಂದ ಕೊಳ್ಳುವವರಿಗೆ ಏನು? ಸ್ಟ್ಯಾಕ್ಸ್ ಎರಡು ಮನೆಯಾಗಿ ಹೋಯಿತು. 'ದಿ ಕಂಪ್ಲೀಟ್ ಸ್ಟ್ಯಾಕ್ಸ್/ವೋಲ್ಟ್ ಸಿಂಗಲ್ಸ್ 1959–1968' ಅನ್ನುವ ಒಂಬತ್ತು ಸಿಡಿಗಳ ಪೆಟ್ಟಿಗೆ 1991ರಲ್ಲಿ ಬಂತು (ವೋಲ್ಟ್ ಅಂದರೆ ಸ್ಟ್ಯಾಕ್ಸ್‌ನವರದೇ ಇನ್ನೊಂದು ಲೇಬಲ್). ಅದರಲ್ಲಿ 244 ಹಾಡುಗಳಿವೆ. ಅದು ಅಟ್ಲಾಂಟಿಕ್ ಕಡೆಯದು. ಮುಂದಿನ ಎರಡು ಪೆಟ್ಟಿಗೆ, ಅಂದರೆ 1968–1971 ಮತ್ತು 1972–1975, ಫ್ಯಾಂಟಸಿ ಕಡೆಯವು. ಪೆಟ್ಟಿಗೆ ಬೇಡ, ಬರೀ ಒಂದು ಎಲ್‌ಪಿ ಸಾಕು ಅನ್ನುವವರು ಲೋಗೋ ನೋಡಬೇಕು. ತಟ್ಟೆಗಳ ರಾಶಿ ಬೀಳುತ್ತಿರುವ ಹಳೇ ಲೋಗೋ ಇದ್ದರೆ ಮೊದಲ ಕಾಲದ್ದು. ಚಿಟಿಕೆ ಹೊಡೆಯುವ ಬೆರಳಿನ ಲೋಗೋ 1968ರ ನಂತರದ್ದು. ಬೆರಳಿನ ಲೋಗೋ ಇರುವ ಹಳೇ 'ಗ್ರೇಟೆಸ್ಟ್ ಹಿಟ್ಸ್'ನಲ್ಲಿ ಓಟಿಸ್ ಇಲ್ಲ ಅಂತ ಅಂಗಡಿಯವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಎರಡೂ ಕಾಲ ಒಂದೇ ಕಡೆ ಬೇಕು ಅಂದರೆ 50 ವರ್ಷದ ನೆನಪಿಗೆ 2007ರಲ್ಲಿ ಬಂದ ಎರಡು ಸಿಡಿಗಳ ಸಂಕಲನ ನೋಡಿ. 50 ಹಾಡು, ಶುರು ಮಾಡೋರಿಗೆ ಧಾರಾಳ ಸಾಕು.

3. ಎರಡನೇ ಸಲ ಹಾಡಿಸಿದ್ದನ್ನು ಗುರುತು ಹಿಡಿಯಿರಿ

ಜನ ಜಾಸ್ತಿ ಮೋಸ ಹೋಗೋದು ಇಲ್ಲಿ. ಹಾಡುಗಾರ ಅದೇ, ಹಾಡು ಅದೇ, ಆದರೆ ರೆಕಾರ್ಡಿಂಗ್ ಬೇರೆ. ಹಕ್ಕು ಹಳೇ ಕಂಪನಿಯ ಹತ್ತಿರ ಇರೋದರಿಂದ, ಇಪ್ಪತ್ತು ವರ್ಷದ ಮೇಲೆ ಇನ್ಯಾರೋ ಆ ಹಾಡುಗಾರರನ್ನು ಕರೆಸಿ, ಕಡಿಮೆ ದುಡ್ಡಿನಲ್ಲಿ ಮತ್ತೆ ಹಾಡಿಸಿ, ಹಳೇ ಫೋಟೋ ಹಾಕಿ ಮಾರುತ್ತಾರೆ. ಕೇಳಿದರೆ 1966ರ ಹಾಡಿನಲ್ಲಿ 1980ರ ದಶಕದ ಕೀಬೋರ್ಡ್ ಕುಂಯ್ ಅನ್ನುತ್ತಿರುತ್ತದೆ.

ಹಿಂದಿನ ಕವರ್ ತಿರುಗಿಸಿ. ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ "ರೀ-ರೆಕಾರ್ಡೆಡ್ ಬೈ ದಿ ಒರಿಜಿನಲ್ ಆರ್ಟಿಸ್ಟ್ಸ್" ಅಂತ ಇದೆಯಾ? ವಾಪಸ್ ಇಡಿ. ಅಲ್ಲಿ ಏನೂ ಬರೆದಿಲ್ಲ ಅಂದರೆ ಪ್ರತಿ ಹಾಡಿನ ಮುಂದೆ ಮೂಲ ಲೇಬಲ್ ಹೆಸರು, ಸಿಂಗಲ್ ನಂಬರ್, ವರ್ಷ ಇದೆಯಾ ನೋಡಿ. ಒಳ್ಳೆಯ ಸಂಕಲನ ಮಾಡುವವರು ಇದನ್ನೆಲ್ಲ ಹೆಮ್ಮೆಯಿಂದ ಅಚ್ಚು ಹಾಕುತ್ತಾರೆ. ಬರೀ ಹಾಡು, ಹಾಡುಗಾರರ ಹೆಸರು ಬಿಟ್ಟು ಏನೂ ಇಲ್ಲದಿದ್ದರೆ ಅನುಮಾನ ಪಡಿ. ಹಾಡಿನ ಅವಧಿ ಕೊಟ್ಟಿದ್ದರೆ ಮೂಲ ಸಿಂಗಲ್ ಜೊತೆ ತಾಳೆ ನೋಡಿ. ಅರ್ಧ ನಿಮಿಷ ಹೆಚ್ಚುಕಮ್ಮಿ ಇದ್ದರೆ ಏನೋ ಎಡವಟ್ಟಿದೆ ಅಂತಲೇ ಲೆಕ್ಕ.

4. ಒಂದು ಬದಿಗೆ ಎಷ್ಟು ಹಾಡು ತುರುಕಿದ್ದಾರೆ?

1970ರ ದಶಕದಲ್ಲಿ ಟಿವಿ ಜಾಹೀರಾತು ಕೊಟ್ಟು ಮಾರುತ್ತಿದ್ದ ಕೆ-ಟೆಲ್ ಥರದ ಎಲ್‌ಪಿಗಳಲ್ಲಿ 20 ಹಾಡು ಇರುತ್ತಿದ್ದವು. ಅಗ್ಗ ಅನ್ನಿಸುತ್ತದೆ ಅಲ್ವಾ? ಎಲ್‌ಪಿಯ ಒಂದು ಬದಿಯಲ್ಲಿ 20 ನಿಮಿಷದ ಆಸುಪಾಸು ಆರಾಮಾಗಿ ಕೂರುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಬೇಸ್ ಸದ್ದಿಗೆ ಅಗಲವಾದ ಗೆರೆ ಬೇಕು. ಜಾಗ ಇಲ್ಲ ಅಂದಾಗ ಮೊದಲು ಹೋಗೋದು ಬೇಸ್, ಆಮೇಲೆ ಒಟ್ಟು ಸದ್ದು. ಬೇಸ್ ಇಲ್ಲದ ಫಂಕ್ ಕೇಳಿ ಏನು ಮಾಡ್ತೀರಿ? ಇಷ್ಟು ಸಾಲದು ಅಂತ ಹಾಡುಗಳನ್ನೂ ಕತ್ತರಿಸುತ್ತಿದ್ದರು. ಬದಿಗೆ ಆರು ಏಳು ಹಾಡಿದ್ದರೆ ನೆಮ್ಮದಿಯಾಗಿ ತಗೊಳ್ಳಿ.

ಇದರ ಜೊತೆಗೇ ಮೊನೊ, ಸ್ಟೀರಿಯೊ ವಿಚಾರ. ಮೊನೊ ಅಂದರೆ ಎಲ್ಲ ಸದ್ದೂ ಒಂದೇ ಚಾನೆಲ್‌ನಲ್ಲಿ, ಸ್ಟೀರಿಯೊ ಅಂದರೆ ಎಡ ಬಲ ಎರಡರಲ್ಲಿ. 1960ರ ದಶಕದ ಮೋಟೌನ್ ಹಾಡುಗಳನ್ನು ಮೊನೊದಲ್ಲೇ ಕೇಳಿ. ಅವರು ಹಾಡು ಹದ ಮಾಡುತ್ತಿದ್ದದ್ದು ಕಾರಿನ ರೇಡಿಯೋಗೆ, ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರ್‌ಗೆ. ಸ್ಟೀರಿಯೊ ಮಿಕ್ಸ್‌ಗಳು ಎಷ್ಟೋ ಸಲ ಬೇರೆಯೇ ಆಗಿರುತ್ತವೆ. ಡ್ರಮ್ ಒಂದು ಕಿವಿಯಲ್ಲಿ, ದನಿ ಇನ್ನೊಂದರಲ್ಲಿ, ಆ ಗುದ್ದು ಇರೋದಿಲ್ಲ. 'ದಿ ಕಂಪ್ಲೀಟ್ ಮೋಟೌನ್ ಸಿಂಗಲ್ಸ್' ಸರಣಿ 2005ರಲ್ಲಿ ಶುರುವಾಗಿ 14 ಸೆಟ್‌ಗಳಲ್ಲಿ 1959ರಿಂದ 1972ರವರೆಗಿನ ಸಿಂಗಲ್‌ಗಳನ್ನು ಕೊಟ್ಟಿತು. ಪ್ರತಿ ಸೆಟ್ಟಿನ ಜೊತೆ ಒಂದು ಏಳು ಇಂಚಿನ ತಟ್ಟೆ ಕೂಡ. ಎಲ್ಲ 14 ಬೇಕು ಅಂದರೆ ಮನೆಯವರ ಜೊತೆ ಮೊದಲು ಮಾತಾಡಿ. 1992ರಲ್ಲಿ ಬಂದ ನಾಲ್ಕು ಸಿಡಿಗಳ 'ಹಿಟ್ಸ್‌ವಿಲ್ ಯುಎಸ್‌ಎ' ಸಾಮಾನ್ಯ ಕೇಳುಗರಿಗೆ ಸಾಕು.

5. ಸಂಕಲನ ಮಾಡಿದವರ ಹೆಸರು ಹಿಡಿಯಿರಿ

ಇಷ್ಟು ಹೊತ್ತು ಹೇಳಿದ್ದು ಕಸ ಬಿಡೋದು ಹೇಗೆ ಅಂತ. ಒಳ್ಳೆಯದು ಹಿಡಿಯೋಕೆ ಒಂದೇ ದಾರಿ. ಹಾಡುಗಾರರ ಹೆಸರಿಗಿಂತ ಮೊದಲು ಸಂಕಲನಕಾರರ ಹೆಸರು ಓದಿ.

ಲಂಡನ್ನಿನ ಏಸ್ ಕಂಪನಿಯ ಕೆಂಟ್ ಲೇಬಲ್ ಇಂಥ ಕೆಲಸಕ್ಕೆ ಹೆಸರುವಾಸಿ. ಅದರ ಮೊದಲ ಎಲ್‌ಪಿ 'ಫಾರ್ ಡ್ಯಾನ್ಸರ್ಸ್ ಓನ್ಲಿ' 1982ರಲ್ಲಿ ಬಂತು, ಮಾಡಿದ್ದು ಏಡಿ ಕ್ರೋಸ್‌ಡೆಲ್. ಅದರ ಹಿಂದೆ ಇಂಗ್ಲೆಂಡಿನ ಉತ್ತರ ಭಾಗದ ಒಂದು ಹುಚ್ಚು ಇತ್ತು. ಅಮೆರಿಕದಲ್ಲಿ ಯಾರೂ ಕೊಳ್ಳದೆ ಬಿಟ್ಟ 1960ರ ದಶಕದ ವೇಗದ ಸೋಲ್ ಹಾಡುಗಳಿಗೆ ವಿಗನ್ ಕ್ಯಾಸಿನೋದಂಥ ಕ್ಲಬ್‌ಗಳಲ್ಲಿ ಬೆಳಗಾಗುವವರೆಗೆ ಕುಣಿಯುತ್ತಿದ್ದರು. ಅಪರೂಪದ ಸಿಂಗಲ್ ಸಿಕ್ಕ ಡಿಜೆ, ಪಕ್ಕದವನಿಗೆ ಗೊತ್ತಾಗದಿರಲಿ ಅಂತ ಲೇಬಲ್ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಹೇಳುತ್ತಿದ್ದ! ಫ್ರಾಂಕ್ ವಿಲ್ಸನ್ ಅನ್ನುವವರ 'ಡೂ ಐ ಲವ್ ಯೂ' ಸಿಂಗಲ್‌ನ ಒಂದು ಪ್ರತಿ 2009ರಲ್ಲಿ 25,000 ಪೌಂಡ್‌ಗೂ ಜಾಸ್ತಿ ಬೆಲೆಗೆ ಹೋಯಿತು. ಅದೇ ಹಾಡು ಸಂಕಲನದ ಸಿಡಿಯಲ್ಲಿ ಊಟದ ಬೆಲೆಗೆ ಸಿಗುತ್ತದೆ.

ಈ ಹುಚ್ಚಿಗೆ ನಾರ್ದರ್ನ್ ಸೋಲ್ ಅಂತ ಹೆಸರಿಟ್ಟ ಡೇವ್ ಗೊಡಿನ್ ಕೊನೆಗಾಲದಲ್ಲಿ ಕೆಂಟ್‌ಗಾಗಿ ಮಾಡಿದ 'ಡೀಪ್ ಸೋಲ್ ಟ್ರೆಷರ್ಸ್' ನನ್ನ ಪ್ರಕಾರ ಈ ಇಡೀ ಲೋಕದ ಅತಿ ಒಳ್ಳೆಯ ಸಂಕಲನ. 1997ರಿಂದ 2004ರವರೆಗೆ ನಾಲ್ಕು ಸಂಪುಟ, ಒಂದೊಂದರಲ್ಲಿ 25 ಹಾಡು. ಕುಣಿಯುವಂಥದ್ದು ಅಲ್ಲವೇ ಅಲ್ಲ. ನಿಧಾನ, ಎದೆ ಕಲಕುವ ಹಾಡುಗಳು. ಹೆಸರಾದವರು ಕಡಿಮೆ. ನಾಲ್ಕನೆಯದು ಬಂದ ವರ್ಷವೇ ಗೊಡಿನ್ ತೀರಿಕೊಂಡರು. ಒಬ್ಬ ಮನುಷ್ಯ ಜೀವನಪೂರ್ತಿ ಕೇಳಿ ಆರಿಸಿದ್ದು ಅಂತ ಮೂರು ಹಾಡು ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ.

ಅಮೆರಿಕದ ಕಡೆ ಶಿಕಾಗೋದ ನ್ಯೂಮೆರೊ ಗ್ರೂಪ್ ಇದೆ. ಅವರ ಮೊದಲ ಬಿಡುಗಡೆ 2004ರ 'ಎಕ್ಸೆಂಟ್ರಿಕ್ ಸೋಲ್: ದಿ ಕ್ಯಾಪ್‌ಸೋಲ್ ಲೇಬಲ್'. ಓಹಾಯೋದ ಕೊಲಂಬಸ್‌ನಲ್ಲಿ ಬಿಲ್ ಮಾಸ್ ಅನ್ನುವ ರೇಡಿಯೋ ಡಿಜೆ 1970ರ ದಶಕದ ಆರಂಭದಲ್ಲಿ ನಡೆಸಿ ಸೋತ ಪುಟ್ಟ ಲೇಬಲ್ ಅದು. ಅದರಲ್ಲಿ ಜಾನ್ಸನ್, ಹಾಕಿನ್ಸ್, ಟಾಟಮ್ ಅಂಡ್ ಡರ್ ಅನ್ನುವ ವಕೀಲರ ಆಫೀಸ್ ಬೋರ್ಡಿನಂಥ ಹೆಸರಿನ ತಂಡದ 'ಯೂ ಕಾಂಟ್ ಬ್ಲೇಮ್ ಮಿ' ಕೇಳಿ. ಇಂಥ ಹಾಡು ಯಾಕೆ ಓಡಲಿಲ್ಲ ಅಂತ ತಲೆ ಕೆರೆದುಕೊಳ್ಳುತ್ತೀರಿ. ಈ ಸರಣಿಯ ಬುಕ್‌ಲೆಟ್‌ಗಳನ್ನು ಹಾಡು ಹಾಕಿಕೊಂಡು ನಿಧಾನವಾಗಿ ಓದಬೇಕು.

ಫಂಕ್‌ಗೆ ಸ್ಟೋನ್ಸ್ ಥ್ರೋ ಲೇಬಲ್‌ನ 'ದಿ ಫಂಕಿ 16 ಕಾರ್ನರ್ಸ್' (2001), ಸೋಲ್ ಜಾಝ್ ಲೇಬಲ್‌ನ 'ನ್ಯೂ ಆರ್ಲಿಯನ್ಸ್ ಫಂಕ್', ರೈನೊದವರ ನಾಲ್ಕು ಸಿಡಿಗಳ 'ವಾಟ್ ಇಟ್ ಈಸ್!' (2006). ಇನ್ನೊಂದು, 2006ರ 'ಟೆಕ್ಸಾಸ್ ಥಂಡರ್ ಸೋಲ್ 1968–1974'. ಇದು ಹ್ಯೂಸ್ಟನ್‌ನ ಕ್ಯಾಶ್ಮಿಯರ್ ಹೈಸ್ಕೂಲಿನ ಮಕ್ಕಳ ಬ್ಯಾಂಡು! ಮೇಷ್ಟ್ರು ಕಾನ್ರಾಡ್ ಜಾನ್ಸನ್. ಹೈಸ್ಕೂಲ್ ಹುಡುಗರು ಇಷ್ಟು ಬಿಗಿಯಾಗಿ ನುಡಿಸೋದು ಕೇಳಿದರೆ ದೊಡ್ಡವರ ಬ್ಯಾಂಡುಗಳಿಗೆ ನಾಚಿಕೆ ಆಗಬೇಕು.

6. ಜೇಮ್ಸ್ ಬ್ರೌನ್‌ಗೆ ಬೇರೆಯೇ ಖಾನೆ

ಫಂಕ್‌ಗೆ ಅಡಿಪಾಯ ಹಾಕಿದ ಈ ಗಾಯಕನ ಎಲ್‌ಪಿಗಳನ್ನು ಕೊಳ್ಳಲು ಹೊರಟರೆ ಮುಗಿಯೋದೇ ಇಲ್ಲ, ಅದರಲ್ಲಿ ಎಷ್ಟೋ ಬರೀ ತುಂಬಿಸಿದ ಸರಕು. ಎರಡು ಸಂಕಲನ ತಗೊಳ್ಳಿ.

ಮೊದಲನೆಯದು 1991ರ 'ಸ್ಟಾರ್ ಟೈಮ್'. ನಾಲ್ಕು ಸಿಡಿ, 71 ಹಾಡು. ಅದರಲ್ಲಿ 'ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್' ಹಾಡಿನ 1965ರ ಮೂಲ ಟೇಕ್ ಪೂರ್ತಿ ಇದೆ. ಸಿಂಗಲ್ ಮಾಡುವಾಗ ಟೇಪನ್ನು ಸ್ವಲ್ಪ ಜೋರಾಗಿ ಓಡಿಸಿ, ಕತ್ತರಿಸಿ ಬಿಟ್ಟಿದ್ದರು. ಇಲ್ಲಿ ಅದು ಸಹಜ ವೇಗದಲ್ಲಿದೆ. ಶುರುವಿನಲ್ಲೇ "ಇದು ಹಿಟ್!" ಅಂತ ಬ್ರೌನ್ ಕೂಗೋದೂ ಕೇಳುತ್ತದೆ. ಇನ್ನೂ ಒಂದು ಸಾಲು ಹಾಡಿಲ್ಲ, ಆಗಲೇ ಆ ಧೈರ್ಯ.

ಎರಡನೆಯದು 1986ರ 'ಇನ್ ದಿ ಜಂಗಲ್ ಗ್ರೂವ್'. 'ಫಂಕಿ ಡ್ರಮ್ಮರ್' ಮೊದಲು ಎರಡು ಭಾಗದ ಸಿಂಗಲ್ ಆಗಿತ್ತು, ಎಲ್‌ಪಿಗೆ ಬಂದಿದ್ದು ಇದರಲ್ಲೇ ಮೊದಲು. ಸುಮಾರು ಒಂಬತ್ತು ನಿಮಿಷದ ಹಾಡು. ತಾಳ್ಮೆ ಇರಲಿ. ಐದು ನಿಮಿಷ ದಾಟಿದ ಮೇಲೆ ಬ್ರೌನ್ ಬ್ಯಾಂಡಿಗೆ ಸುಮ್ಮನಿರಲು ಹೇಳಿ, ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್‌ಗೆ ಜಾಗ ಬಿಡುತ್ತಾನೆ. ಸೋಲೋ ಬೇಡ, ಈಗ ಬಾರಿಸುತ್ತಿರೋದನ್ನೇ ಬಾರಿಸು ಅನ್ನುತ್ತಾನೆ. ಆಮೇಲೆ ಬರೀ ಡ್ರಮ್. ಸ್ನೇರ್ ಡ್ರಮ್ ಮೇಲೆ ಜೋರು ಹೊಡೆತಗಳ ನಡುವೆ ಪಿಸುಗುಟ್ಟುವಂಥ ಸಣ್ಣ ಸಣ್ಣ ಹೊಡೆತಗಳಿವೆ, ಹೆಡ್‌ಫೋನ್ ಹಾಕಿಕೊಂಡರೆ ಎಣಿಸಬಹುದು. ಎಂಟು ಆವರ್ತ, ಅಷ್ಟೇ. ಹಿಪ್ ಹಾಪ್‌ನವರು ತಮ್ಮ ಹಾಡುಗಳಿಗೆ ಇದನ್ನು ಎಷ್ಟು ಸಲ ಎತ್ತಿಕೊಂಡಿದ್ದಾರೋ ಲೆಕ್ಕ ಇಲ್ಲ. ಬಾರಿಸಿದವನಿಗೆ ಅದರಿಂದ ಸಿಕ್ಕಿದ್ದು ಹೆಚ್ಚುಕಮ್ಮಿ ಏನೂ ಇಲ್ಲ.

ಇದು ಹಿಡಿಸಿದರೆ 'ಜೇಮ್ಸ್ ಬ್ರೌನ್ಸ್ ಫಂಕಿ ಪೀಪಲ್' ಹುಡುಕಿ. ಬ್ರೌನ್ ಬ್ಯಾಂಡಿನವರು, ಲಿನ್ ಕಾಲಿನ್ಸ್‌ನಂಥ ಗಾಯಕಿಯರು ಮಾಡಿದ ಹಾಡುಗಳು ಅದರಲ್ಲಿವೆ. ಡಿಜೆಗಳಿಗಾಗಿಯೇ 1986ರಿಂದ 1991ರವರೆಗೆ ಬಂದ 25 ಸಂಪುಟಗಳ 'ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್' ಕೂಡ ಇದೆ. ಆದರೆ ಅದರಲ್ಲಿ ಕೆಲವು ಹಾಡುಗಳನ್ನು ತಿದ್ದಿದ್ದಾರೆ. ಮೊದಲ ಸಂಪುಟದ 'ಅಮೆನ್, ಬ್ರದರ್'ನಲ್ಲಿ ಡ್ರಮ್ ಭಾಗವನ್ನೇ ನಿಧಾನ ಮಾಡಿಬಿಟ್ಟಿದ್ದಾರೆ. ಕೇಳೋದಕ್ಕಿಂತ ಇತಿಹಾಸಕ್ಕಾಗಿ ಇಟ್ಟುಕೊಳ್ಳಬಹುದು.

7. ಕೊಳ್ಳುವಾಗ

ಬೆಂಗಳೂರಿನ ಸಂಡೆ ಬಜಾರ್‌ನಲ್ಲಿ ಇವೆಲ್ಲ ಸಿಗುತ್ತವೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಹಳೇ ರೆಕಾರ್ಡ್ ರಾಶಿಯಲ್ಲಿ ಬೋನಿ ಎಂ, ಆಬಾ ಸಿಗುವ ಸಾಧ್ಯತೆಯೇ ಜಾಸ್ತಿ. ರೆಕಾರ್ಡ್‌ಗಳ ಮಾಹಿತಿ, ಮಾರಾಟ ಎರಡೂ ಇರುವ ಡಿಸ್ಕಾಗ್ಸ್ ಸೈಟ್‌ನಲ್ಲಿ ನೋಡಿ. ಕೊಳ್ಳದಿದ್ದರೂ ಮಾಹಿತಿಗೆ ಅದು ಬೇಕೇ ಬೇಕು. ಒಂದೇ ಸಂಕಲನದ ಹತ್ತಾರು ಮುದ್ರಣ ಇರುತ್ತವೆ, ಹಾಡುಗಳ ಪಟ್ಟಿಯೂ ಬೇರೆ ಬೇರೆ ಇರಬಹುದು. ಖಚಿತ ಮಾಡಿಕೊಳ್ಳಲು, ಕೊನೆಯ ಹಾಡು ಮುಗಿದು ಲೇಬಲ್ ಶುರುವಾಗುವ ನಡುವೆ ಇರುವ ನುಣುಪು ಜಾಗವನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ನೋಡಿ. ಕೈಯಲ್ಲಿ ಗೀಚಿದ ಅಥವಾ ಅಚ್ಚೊತ್ತಿದ ನಂಬರ್ ಕಾಣುತ್ತದೆ. ಅದನ್ನು ಸೈಟ್‌ನಲ್ಲಿರುವ ನಂಬರ್ ಜೊತೆ ತಾಳೆ ಮಾಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಆ ಜಾಗದ ಫೋಟೋ ಕಳಿಸಿ ಅಂತ ಮಾರುವವರನ್ನು ಕೇಳಿ, ಸಂಕೋಚ ಬೇಡ.

ಗ್ರೇಡ್, ಅಂದರೆ ತಟ್ಟೆಯ ಸ್ಥಿತಿ, ನೋಡುವಾಗ ವಿಜಿ ಪ್ಲಸ್‌ಗಿಂತ (ವೆರಿ ಗುಡ್ ಪ್ಲಸ್) ಕೆಳಗೆ ಇಳಿಯಬೇಡಿ. 'ಗುಡ್' ಅಂತ ಹಾಕಿದ್ದರೆ ಅದು ಹುರಿಯುವ ಸಾಸಿವೆ ಥರ ಚಟಪಟ ಅನ್ನುವ ತಟ್ಟೆ ಅಂತಲೇ ತಿಳಿಯಿರಿ.

ಒಂದು ಮಾತು, ಸಿಡಿ ಅಂದರೆ ತಾತ್ಸಾರ ಬೇಡ. ಮೇಲೆ ಹೇಳಿದ ದೊಡ್ಡ ಪೆಟ್ಟಿಗೆಗಳು ಬಂದಿದ್ದೇ ಸಿಡಿಯಲ್ಲಿ. ಹಳೇ ಸಿಡಿ ಈಗ ಅಗ್ಗ, ತೂಕ ಕಡಿಮೆ, ಅಂಚೆ ಖರ್ಚೂ ಕಡಿಮೆ. ಬುಕ್‌ಲೆಟ್ ಇದೆಯಾ ಅಂತ ಮಾತ್ರ ಕೇಳಿ, ಅದಿಲ್ಲದ ಪೆಟ್ಟಿಗೆಗೆ ಅರ್ಧ ಬೆಲೆಯೂ ಜಾಸ್ತಿ. ಎಲ್‌ಪಿಯೇ ಬೇಕು ಅಂದರೆ ವಿದೇಶದಿಂದ ತರಿಸುವಾಗ ಅಂಚೆ ಮತ್ತು ಕಸ್ಟಮ್ಸ್ ಸೇರಿ ತಟ್ಟೆಯ ಬೆಲೆಯನ್ನೇ ಮೀರಿಸಬಹುದು, ಮೊದಲೇ ಲೆಕ್ಕ ಹಾಕಿ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಅಕ್ಕ ಭಾವ ಇದ್ದರೆ ಅವರ ವಿಳಾಸಕ್ಕೆ ಒಟ್ಟಿಗೆ ನಾಲ್ಕೈದು ತರಿಸಿಟ್ಟು, ಊರಿಗೆ ಬರುವಾಗ ತರಲು ಹೇಳಿ. ದೊಡ್ಡ ಸೂಟ್‌ಕೇಸ್‌ಗೆ ಹಾಕೋದು ಬೇಡ, ಕೈಚೀಲದಲ್ಲೇ ಇರಲಿ ಅಂತಲೂ ಹೇಳಿ. ಅವರು ಗೊಣಗುತ್ತಾರೆ, ಆದರೂ ತರುತ್ತಾರೆ.

8. ಮಳೆಗಾಲಕ್ಕೆ ಮುಂಚೆ

ಕರಾವಳಿ, ಮಲೆನಾಡಿನವರು ಇದನ್ನು ಹಗುರವಾಗಿ ತಗೋಬೇಡಿ. ಬೂಷ್ಟು ಮೊದಲು ಹಿಡಿಯೋದು ರಟ್ಟಿನ ಕವರ್‌ಗೆ ಮತ್ತು ಒಳಗಿನ ಕಾಗದಕ್ಕೆ, ಆಮೇಲೆ ಗೆರೆಗಳಿಗೆ. ಹೊಸ ಎಲ್‌ಪಿಯ ಮೇಲಿನ ಬಿಗಿ ಪ್ಲಾಸ್ಟಿಕ್ ತೆಗೆದುಬಿಡಿ, ಒಳಗೆ ತೇವ ಸಿಕ್ಕಿಕೊಳ್ಳುತ್ತದೆ. ಕಾಗದದ ಒಳಚೀಲ ಬದಲಾಯಿಸಿ ಪಾಲಿಥೀನ್ ಒಳಪದರ ಇರುವಂಥದ್ದು ಹಾಕಿ. ಪಿವಿಸಿಯ ದಪ್ಪ ಹೊರಕವರ್ ಬೇಡ, ಅದು ಕಾಲಕ್ರಮೇಣ ತಟ್ಟೆಯ ಮೇಲೆ ಮಬ್ಬು ಕಲೆ ಬಿಡುತ್ತದೆ. ನೇರವಾಗಿ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಗೋಡೆಗೆ ತಾಗಿಸದೆ ಒಂದು ಕೈ ಜಾಗ ಬಿಡಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಎಲ್ಲಕ್ಕಿಂತ ಒಳ್ಳೆಯದು, ಆಗಾಗ ತೆಗೆದು ಹಾಕಿ ಕೇಳಿ, ಗಾಳಿಯಾಡುತ್ತದೆ.

ಯಾವ ಕ್ರಮದಲ್ಲಿ ಕೊಳ್ಳಬೇಕು ಅಂದರೆ, ನಾನು ಹೇಳೋದು ಹೀಗೆ: ಮೊದಲು ಸ್ಟ್ಯಾಕ್ಸ್‌ನ 50 ಹಾಡಿನ ಸಿಡಿ, ಆಮೇಲೆ 'ಇನ್ ದಿ ಜಂಗಲ್ ಗ್ರೂವ್' ಎಲ್‌ಪಿ, ಆಮೇಲೆ 'ಹಿಟ್ಸ್‌ವಿಲ್', 'ನ್ಯೂ ಆರ್ಲಿಯನ್ಸ್ ಫಂಕ್', ಕ್ಯಾಪ್‌ಸೋಲ್. ಫಿಲಡೆಲ್ಫಿಯಾ ಬೇಕು ಅನ್ನುವವರು ಟಾಮ್ ಮೌಲ್ಟನ್ ಅನ್ನುವ ಮಿಕ್ಸ್ ಮಾಡುವವರು ಹಾಡುಗಳನ್ನು ಕುಣಿಯುವಷ್ಟು ಉದ್ದ ಮಾಡಿಕೊಟ್ಟ 1977ರ 'ಫಿಲಡೆಲ್ಫಿಯಾ ಕ್ಲಾಸಿಕ್ಸ್' ಜೋಡಿ ಎಲ್‌ಪಿಯನ್ನು ನಡುವೆ ಎಲ್ಲಾದರೂ ಸೇರಿಸಿಕೊಳ್ಳಿ. 'ಡೀಪ್ ಸೋಲ್ ಟ್ರೆಷರ್ಸ್' ಕೊನೆಗೆ ಇರಲಿ. ಅಷ್ಟೆಲ್ಲ ಕೇಳಿ ಕಿವಿ ಹದವಾದ ಮೇಲೆ ಅದು ಇನ್ನೂ ಚೆನ್ನಾಗಿ ದಕ್ಕುತ್ತದೆ. ನಾಲ್ಕು ಸಂಪುಟ ಒಟ್ಟಿಗೆ ತಗೋಬೇಡಿ, ಒಂದನೆಯದರಿಂದ ಶುರು ಮಾಡಿ.